ಮೇಣ ಹಾಕಿ ಮುಚ್ಚಿದ ಗೇರ್ ವೈರು

ನಮ್ಮ ಮನೆಯಲ್ಲಿ ಯಾವ ಪಾತ್ರೆಯನ್ನೂ ಬಾಯಿ ತೆರೆದು ಬಿಡುವ ಅಭ್ಯಾಸ ಇಲ್ಲ. ನಾನು ಮದುವೆಯಾಗಿ ಮುಳಬಾಗಿಲಿಗೆ ಬಂದ ಮೊದಲ ಬೇಸಿಗೆಯಲ್ಲೇ ನಮ್ಮತ್ತೆ ನನ್ನನ್ನು ಜಾಡಿಗಳ ಮುಂದೆ ಕೂರಿಸಿದರು. ಶ್ರೀನಿವಾಸಪುರದಿಂದ ಮಾವಿನಕಾಯಿ ಮೂಟೆ ಬಂದಿತ್ತು. ಅದನ್ನು ತೊಳೆದು, ಒಂದು ಹನಿ ನೀರೂ ಉಳಿಯದ ಹಾಗೆ ಒರೆಸಿ, ಹೆಚ್ಚಿ, ಆವಕಾಯಿ ಹಾಕಿ, ಮೇಲೆ ಒಂದು ಬೆರಳಿನಷ್ಟು ಎಣ್ಣೆ ನಿಲ್ಲಿಸಿ, ಜಾಡಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಬೇಕು. ದೂರದ ಊರಿಗೆ ಹೋಗುವ ಜಾಡಿಯಾದರೆ ಬಟ್ಟೆಯ ಮೇಲೆ ಕರಗಿಸಿದ ಮೇಣ ಬೇರೆ. ನಮ್ಮತ್ತೆ ಕಟ್ಟಿದ ಜಾಡಿ ಬೂಷ್ಟು ಹಿಡಿದದ್ದನ್ನು ಯಾರೂ ನೋಡಿಲ್ಲ. ಅವರು ಹೋದ ಮೇಲೆ ನಾನು ಕಟ್ಟಿದ್ದೂ ಹಿಡಿದಿಲ್ಲ. ಅದರ ಬಗ್ಗೆ ನನಗೆ ಸಿಕ್ಕಾಪಟ್ಟೆ ಜಂಬ ಇತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ, ಆ ಜಂಬವೇ ನನ್ನ ಮಗಳನ್ನು ಲಾರಿಯ ಚಕ್ರದವರೆಗೆ ಕರೆದುಕೊಂಡು ಹೋಯಿತು.

ನಮಗೆ ಒಬ್ಬಳೇ ಮಗಳು. ಕೋಲಾರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಅವಳಿಗೆ ಸೈಕಲ್ಲಿನ ಹುಚ್ಚು. ಅದೂ ಎಂಥ ಸೈಕಲ್ಲು, ದಪ್ಪ ಟೈರಿನ, ಗೇರಿರುವ, ಬೆಟ್ಟಗುಡ್ಡ ಹತ್ತುವ ಸೈಕಲ್ಲು. ನಮ್ಮ ಯಜಮಾನರು ದೇವಸ್ಥಾನದ ಅರ್ಚಕರು, ಜಗಳ ಅಂದರೆ ಆಗದ ಮನುಷ್ಯ. ಹುಡುಗಿ ಕೇಳಿದಳು, ಕೊಡಿಸಿದರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅವಳು ಜಿಲ್ಲೆಯ ತಂಡಕ್ಕೆ ಬಂದಳು, ರಾಜ್ಯದ ಆಯ್ಕೆಗೆ ತಯಾರಿ ಅಂತ ಶುರುಮಾಡಿದಳು, ನಾನೂ ಬೀದಿಯವರ ಮುಂದೆ ಹೇಳಿಕೊಂಡು ತಿರುಗಿದೆ. ಬೈಯುವುದಕ್ಕೂ ನಾನೇ, ಮೆರೆಯುವುದಕ್ಕೂ ನಾನೇ.

ಭಾನುವಾರ ಕೋಲಾರದಲ್ಲಿ ಅವಳ ಜೊತೆಯ ಹುಡುಗಿಯರ ಸಂಗಡ ಅಭ್ಯಾಸ. ಉಳಿದ ದಿನ ಬೆಳಿಗ್ಗೆ ಒಬ್ಬಳೇ, ನಂಗಲಿ ಕಡೆಗೆ. ಹೈವೇಯಿಂದ ಇಳಿದು ಕೆರೆಯ ಏರಿಯ ಪಕ್ಕದ ಮಣ್ಣುದಾರಿಯಲ್ಲಿ ಸುತ್ತಿ, ಮತ್ತೆ ಹೈವೇಗೆ ಹತ್ತಿ ಬರುತ್ತಿದ್ದಳು. ಆ ಹತ್ತುವ ಜಾಗವನ್ನು ನಾನು ಒಂದು ಸಲ ಹೋಗಿ ನೋಡಿದ್ದೆ, ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ನಾಲ್ಕಾಳು ಎತ್ತರದ ಕಡಿದಾದ ಏರು. ಸೀಟಿನಿಂದ ಎದ್ದು ನಿಂತು, ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಿ ತುಳಿದರೆ ಮಾತ್ರ ಮೇಲೆ ಬರುತ್ತದೆ. ಮೇಲೆ ಬಂದ ತಕ್ಷಣ ಟಾರು ರಸ್ತೆ, ಆಂಧ್ರದ ಕಡೆಯ ಲಾರಿಗಳು ಒಂದರ ಹಿಂದೆ ಒಂದು. ಆ ಏರಿನ ತುದಿಗೂ ಲಾರಿಗೂ ನಡುವೆ ಇದ್ದದ್ದು ಒಂದು ಚಾಪೆ ಹಾಸುವಷ್ಟು ಮಣ್ಣು. ಅವತ್ತಿನಿಂದ ಅವಳು ಹೊರಟ ಮೇಲೆ ವಾಪಸ್ಸು ಬರುವವರೆಗೆ ನನ್ನ ಕಿವಿ ಬಾಗಿಲಲ್ಲೇ ಇರುತ್ತಿತ್ತು.

ಮಳೆ ಶುರುವಾದಾಗ ಗೇರು ಕೈಕೊಡತೊಡಗಿತು. ಕೆರೆಯ ಪಕ್ಕದ ಮಣ್ಣು ಅಂಟು ಮಣ್ಣು, ಹಿಡಿದರೆ ಬಿಡುವುದಿಲ್ಲ. ಹ್ಯಾಂಡಲ್ಲಿನ ಹತ್ತಿರ ಇರುವ ಗೇರಿನ ಹಿಡಿಯಿಂದ ಹಿಂದಿನ ಚಕ್ರದವರೆಗೆ ಒಂದು ತೆಳ್ಳನೆಯ ಉಕ್ಕಿನ ವೈರು ಹೋಗುತ್ತದೆ. ಸ್ವಲ್ಪ ದೂರ ಕಪ್ಪು ಪೈಪಿನ ಒಳಗೆ, ಸ್ವಲ್ಪ ದೂರ ಬರಿಮೈಯಲ್ಲಿ. ಆ ಬರಿಮೈಯ ಕಡೆ ಕೆಸರು ಮೆತ್ತಿಕೊಂಡು, ಪೈಪಿನ ಬಾಯಿಯಿಂದ ಒಳಗೆ ನುಗ್ಗಿ, ವೈರು ಸರಾಗವಾಗಿ ಎಳೆಯುವುದಿಲ್ಲ. ಒಂದು ಗೇರು ಹಾಕಿದರೆ ಇನ್ನೊಂದು ಬೀಳುತ್ತದೆ. ಮಗಳು ಪೇಚಾಡುವುದನ್ನು ನೋಡಲಾರದೆ, ಕೋಲಾರದ ಮೆಕ್ಯಾನಿಕ್ ಹತ್ತಿರ ನಾನೇ ಜೊತೆಯಲ್ಲಿ ಹೋದೆ.

ಮೆಕ್ಯಾನಿಕ್ ನನ್ನ ವಯಸ್ಸಿನವನು, ಮಾತು ಕಡಿಮೆ. ವೈರು ಬದಲಾಯಿಸಿದ. ತೋಟಗಳಲ್ಲಿ ಡ್ರಿಪ್ಪಿಗೆ ಹಾಕುವ ಸಣ್ಣ ಕಪ್ಪು ಪೈಪು ಇರುತ್ತದಲ್ಲ, ಅದರ ಒಂದು ತುಂಡನ್ನು ಬರಿಮೈಯ ವೈರಿಗೆ ತೊಡಿಸಿದ. ಈ ಉಪಾಯ ಇಲ್ಲಿಯ ಸೈಕಲ್ ಹುಡುಗರಿಗೆಲ್ಲ ಗೊತ್ತಂತೆ. ಮೇಲಿನ ಬಾಯಿಗೆ ಮಾತ್ರ ಏನೋ ರಬ್ಬರು ಹಾಕಿ, ಹಿಂದಿನ ಚಕ್ರದ ಹತ್ತಿರದ ಕೆಳಬಾಯಿಯನ್ನು ಹಾಗೇ ಬಿಟ್ಟ. ಅದನ್ನೂ ಮುಚ್ಚಬಾರದೇ ಅಂತ ಕೇಳಿದೆ. ಅವನು ತಲೆ ಎತ್ತಿದ.

"ಬೇಡಮ್ಮಾ. ನೀರು ಹೆಂಗಾದ್ರೂ ಒಳಗೆ ಹೋಗೇ ಹೋಗ್ತದೆ. ಹೋಗಿದ್ದು ಬರೋಕೆ ದಾರಿ ಬೇಕು. ಬ್ರೇಕ್ ಕೆಟ್ರೆ ಮನುಷ್ಯ ಹೆದರ್ಕೊಂಡು ಮೆಲ್ಲಗೆ ಹೋಗ್ತಾನೆ. ಗೇರ್ ವೈರ್ ಹಂಗಲ್ಲ. ಎದ್ದು ನಿಂತು ತುಳಿಯೋವಾಗ ಕಟ್ ಆಯ್ತು ಅಂದ್ರೆ ಚೈನು ಹಾರ್ತದೆ, ಕಾಲು ಗಾಳಿಗೆ ಹೋಗ್ತದೆ, ಆಳು ಸೀದಾ ಮುಂದಕ್ಕೆ ಬೀಳ್ತಾನೆ."

ಎದ್ದು ನಿಂತು ತುಳಿಯುವುದು ಅಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ನಂಗಲಿ ದಾರಿಯ ಆ ಏರು. ಇಷ್ಟು ಹೆದರಿದವಳು ಅವನು ಹೇಳಿದ ಹಾಗೆ ಕೇಳಬೇಕಿತ್ತು ತಾನೇ? ಕೇಳಲಿಲ್ಲ. ಬಸ್ಸಿನಲ್ಲಿ ಬರುತ್ತ ನನ್ನ ತಲೆಯಲ್ಲಿ ಓಡಿದ್ದು ಒಂದೇ, ಬಾಯಿ ತೆರೆದಿಟ್ಟದ್ದು ಕೆಡದೆ ಇರುತ್ತದೆಯೇ? ಮೂವತ್ತು ಬೇಸಿಗೆ ಜಾಡಿ ಕಟ್ಟಿದವಳಿಗೆ ಇವನು ಹೇಳಿಕೊಡಲು ಬಂದ ಅಂತ ಒಳಗೊಳಗೇ ಕೊಸರಾಡಿದೆ.

ಮನೆಗೆ ಬಂದವಳೇ ಮೇಣದ ಬತ್ತಿ ಕರಗಿಸಿದೆ. ಪೈಪಿನ ಒಳಗೆ ಹೊಲಿಗೆ ಮಿಷಿನ್ನಿನ ಎಣ್ಣೆ ಬಿಟ್ಟೆ. ತುಂಡುಗಳು ಕೂಡುವ ಕಡೆಯೆಲ್ಲ ತೆಳುವಾದ ಬಟ್ಟೆಯ ಪಟ್ಟಿ ಸುತ್ತಿ, ದಾರ ಬಿಗಿದು, ಮೇಲೆ ಮೇಣ ಹುಯ್ದೆ. ಕೆಳಬಾಯಿಯಲ್ಲಿ ವೈರು ಆಡುವುದಕ್ಕೆ ಎಷ್ಟು ಬೇಕೋ ಅಷ್ಟೇ ಎಡೆ ಬಿಟ್ಟು, ಅದಕ್ಕೂ ಗ್ರೀಸು ತುಂಬಿದ ಬಟ್ಟೆ ಕಟ್ಟಿದೆ. ಹ್ಯಾಂಡಲ್ಲಿನಿಂದ ಹಿಂದಿನ ಚಕ್ರದವರೆಗೆ ಎಲ್ಲೂ ಒಂದು ಇರುವೆ ನುಗ್ಗಲು ಜಾಗವಿಲ್ಲ. ಯಜಮಾನರು ಊಟಕ್ಕೆ ಬಂದವರು ನೋಡಿ, ಇದು ಉಪ್ಪಿನಕಾಯಿಯೋ ಸೈಕಲ್ಲೋ ಅಂತ ನಕ್ಕರು. ಮಗಳು ನನ್ನನ್ನು ತಬ್ಬಿಕೊಂಡಳು. ಮಾರನೆಯ ದಿನ ಕೆಸರಿನಲ್ಲಿ ಮುಳುಗಿ ಎದ್ದು ಬಂದ ಮೇಲೂ ಗೇರು ಬೆಣ್ಣೆಯ ಹಾಗೆ ಬೀಳುತ್ತಿದೆ ಅಂದಳು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಒಂದು ಕಟ್ಟುಪಾಡನ್ನೂ ಮಾಡಿದೆ. ಬಂದ ತಕ್ಷಣ ಸೈಕಲ್ಲು ತೊಳೆಯಬೇಕು, ಕೈಕಾಲು ತೊಳೆಯುವುದಕ್ಕೆ ಮುಂಚೆ. ಅವಳಿಗೆ ಹೊತ್ತಾದ ದಿನ ಹಿತ್ತಲ ನಲ್ಲಿಗೆ ಪೈಪು ಹಾಕಿ ನಾನೇ ತೊಳೆಯುತ್ತಿದ್ದೆ. ಹ್ಯಾಂಡಲ್ಲಿನ ಹತ್ತಿರ, ವೈರಿನ ಪೈಪು ಸೈಕಲ್ಲಿನ ಕಂಬಿಗೆ ಉಜ್ಜುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದು ತೂತು ಆಗಿದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನು ಅದರ ಮೇಲೇ ನೀರು ಹಿಡಿಯುತ್ತಿದ್ದೆ.

ಏನೂ ಗೊತ್ತಾಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಗಣೇಶನ ಹಬ್ಬ ಕಳೆದ ಮೇಲೆ ಒಂದು ದಿನ ಕೆಳಬಾಯಿಯ ಬಟ್ಟೆಯ ಮೇಲೆ ಕಂದು ಬಣ್ಣದ ಕಲೆ ಕಂಡಿತು. ಒರೆಸಿ, ಇನ್ನೊಂದು ಪದರ ಮೇಣ ಹುಯ್ದೆ. ಇನ್ನೊಂದು ದಿನ ಮಗಳು ಗೇರಿನ ಹಿಡಿ ಗಟ್ಟಿಯಾಗಿದೆ, ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತದೆ ಅಂದಳು. ಬೆಳಿಗ್ಗೆ ಒಂದು ಲೋಟ ಹಾಲು ಕುಡಿಯದೆ ಓಡಿದರೆ ಬಲ ಎಲ್ಲಿಂದ ಬರುತ್ತದೆ ಅಂತ ಗದರಿಸಿದೆ. ಯಜಮಾನರು ಒಂದು ಸಲ ಆ ಮೆಕ್ಯಾನಿಕ್ಕಿಗೆ ತೋರಿಸಿಬಿಡೋಣ ಅಂದರು. ಅಷ್ಟು ಭದ್ರವಾಗಿ ಕಟ್ಟಿದ್ದೇನೆ, ಅದರಲ್ಲಿ ತೋರಿಸುವುದೇನಿದೆ ಅಂದೆ. ಹಿಂದಿನ ಚಕ್ರದ ಹತ್ತಿರ ಬಾಗಿದ ಪೈಪನ್ನು ಒಮ್ಮೆ ಬೆರಳಿನಿಂದ ತಟ್ಟಿದಾಗ ಒಳಗೆ ಏನೋ ಅಲುಗಿದ ಹಾಗಾಯಿತು. ಎಣ್ಣೆ ಇರಬೇಕು ಅಂದುಕೊಂಡೆ.

ಕಾರ್ತಿಕದಲ್ಲಿ ಮದ್ರಾಸಿನ ಕಡೆ ತೂಫಾನು ಎದ್ದು ನಮಗೆ ನಾಲ್ಕು ದಿನ ಜಡಿ ಹಿಡಿಯಿತು. ಬಟ್ಟೆ ಒಣಗದು, ಒಲೆಯ ಮುಂದಿನಿಂದ ಏಳಲು ಮನಸ್ಸಾಗದು. ಮಗಳು ಆ ಜಡಿಯಲ್ಲೂ ಹೋದಳು. ಎರಡು ದಿನ ಚಳಿ ಅಂತ ಸೈಕಲ್ಲು ತೊಳೆಯದೆ ಹಾಗೇ ಗೋಡೆಗೆ ಒರಗಿಸಿದಳು, ನನಗೂ ಶೀತವಾಗಿ ಮಲಗಿದ್ದೆ. ಐದನೆಯ ದಿನ ಬೆಳಿಗ್ಗೆ ಕೆಸರು ಒಣಗಿ ಕುಳಿತ ಸೈಕಲ್ಲನ್ನು ನೋಡಿ ನನಗೆ ರೇಗಿತು. ಸೋಮಾರಿ, ಹೇಳಿದ್ದು ಒಂದೂ ಕಿವಿಗೆ ಬೀಳುವುದಿಲ್ಲ, ಏನಾದರೂ ಆದರೆ ಅನುಭವಿಸುವವಳು ನೀನೇ ಅಂದೆ. ಬಾಯಿಗೆ ಬಂದದ್ದನ್ನು ಅಂದುಬಿಡುವುದು ನನ್ನ ಕೆಟ್ಟ ಚಾಳಿ. ಅವಳು ಹೆಲ್ಮೆಟ್ಟು ಹಾಕಿಕೊಂಡು ಹೊರಟಳು.

ಗೊತ್ತಿಲ್ಲದ ನಂಬರಿನಿಂದ ಫೋನು ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಗಂಡಸಿನ ದನಿ, ತೆಲುಗಿನಲ್ಲಿ. ಪಾಪ ಸೈಕಲ್ಲಿನಿಂದ ಬಿದ್ದಿದ್ದಾಳೆ, ಬದುಕಿದ್ದಾಳೆ, ಬೇಗ ಬನ್ನಿ ಅಂದ. ಬದುಕಿದ್ದಾಳೆ ಅನ್ನುವ ಮಾತನ್ನು ಮೊದಲೇ ಹೇಳಿದ ಆ ಪುಣ್ಯಾತ್ಮನನ್ನು ದೇವರು ಚೆನ್ನಾಗಿಟ್ಟಿರಲಿ. ಬೀದಿಯ ತುದಿಯ ಆಟೋ ಹಿಡಿದು, ದಾರಿಯಲ್ಲಿ ದೇವಸ್ಥಾನದ ಮುಂದೆ ಯಜಮಾನರನ್ನು ಹತ್ತಿಸಿಕೊಂಡು ಹೋದೆ. ಅವರು ಪಂಚೆಯಲ್ಲಿದ್ದವರು ಹಾಗೇ ಬಂದರು.

ಏರಿನ ತಲೆಯ ಮೇಲೆ ಲಾರಿ ಅಡ್ಡಡ್ಡವಾಗಿ ನಿಂತಿತ್ತು. ಸೈಕಲ್ಲು ಅರ್ಧ ಮಣ್ಣಿನಲ್ಲಿ, ಅರ್ಧ ಟಾರಿನ ಮೇಲೆ. ಮಗಳು ಕಲ್ಲಿಗೆ ಒರಗಿ ಕುಳಿತಿದ್ದಳು, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದಿದ್ದಳು, ಮುಖ ಬೆಳ್ಳಗಾಗಿತ್ತು. ಏರಿನ ಕೊನೆಯ ತುಳಿತಕ್ಕೆ ವೈರು ಕಟ್ಟಾಗಿ, ಚೈನು ಹಾರಿ, ಅವಳು ಹ್ಯಾಂಡಲ್ಲಿನ ಮೇಲಿನಿಂದ ರಸ್ತೆಗೆ ಬಿದ್ದಿದ್ದಳು. ಡ್ರೈವರು ಲಾರಿಯ ಮುಂದಿನ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ನನ್ನನ್ನು ನೋಡಿ ಎದ್ದು, ಎರಡು ಕೈಗಳಿಂದ ಅಳತೆ ತೋರಿಸಿದ.

"ಇಂಕೊಕ್ಕ ಮೂರ ಮುಂದುಕಿ ವಚ್ಚುಂಟೇ ಅಂತೇನಮ್ಮಾ."

ಇನ್ನೊಂದು ಮೊಳ ಮುಂದಕ್ಕೆ ಬಂದಿದ್ದರೆ ಆಗಿಹೋಗುತ್ತಿತ್ತು. ನಾನು ಅವನ ಕಾಲಿಗೆ ಬೀಳಲು ಹೋದೆ, ಅವನು ಹಿಂದಕ್ಕೆ ಸರಿದ.

ಕೋಲಾರದ ಆಸ್ಪತ್ರೆಯಲ್ಲಿ ಕತ್ತಿನ ಕೆಳಗಿನ ಎಲುಬು, ಭುಜ, ಮಣಿಕಟ್ಟು ಮೂರೂ ಮುರಿದಿವೆ ಅಂದರು. ಆಪರೇಷನ್ ಆಯಿತು. ಮರುದಿನ ಮಧ್ಯಾಹ್ನ ಯಜಮಾನರನ್ನು ಅವಳ ಹತ್ತಿರ ಬಿಟ್ಟು, ಬಟ್ಟೆಬರೆ ತರಲು ನಾನೊಬ್ಬಳೇ ಮನೆಗೆ ಬಂದೆ. ಆಟೋದವನು ತಂದಿಟ್ಟ ಸೈಕಲ್ಲು ಹಿತ್ತಲಲ್ಲಿತ್ತು. ತೊಳೆಯದೆ ಬಿಟ್ಟಳಲ್ಲ, ಎಲ್ಲಿಂದ ಮಣ್ಣು ನುಗ್ಗಿತು ನೋಡೋಣ ಅಂತ ಅಡಿಗೆಮನೆಯ ಕತ್ತರಿ ತಂದು, ಹಿಂದಿನ ಚಕ್ರದ ಹತ್ತಿರ ಬಾಗಿದ ಪೈಪನ್ನು ಕತ್ತರಿಸಿದೆ.

ನೀರು ಸುರಿಯಿತು. ಕಂದು ನೀರು, ತುಕ್ಕಿನ ವಾಸನೆಯದು, ಬಟ್ಟೆ ಒಗೆಯುವ ಕಲ್ಲಿನ ಮೇಲೆಲ್ಲ ಹರಿಯಿತು. ಮಣ್ಣಿನ ಒಂದು ಕಣವೂ ಇರಲಿಲ್ಲ. ಮೇಣ ಕಿತ್ತುಹಾಕಿ ವೈರನ್ನು ಎಳೆದೆ. ಮೇಲಿನ ಅರ್ಧ ಹೊಸದರ ಹಾಗೆ ಹೊಳೆಯುತ್ತಿತ್ತು. ಕೆಳಗಿನ ಅರ್ಧದ ಎಳೆಗಳು ಬೆರಳಿಗೆ ಸಿಕ್ಕಿದರೆ ಪುಡಿಯಾಗಿ ಉದುರುತ್ತಿದ್ದವು. ಮೇಲಿನವರೆಗೆ ತಡವಿಕೊಂಡು ಹೋದಾಗ ಹ್ಯಾಂಡಲ್ಲಿನ ಹತ್ತಿರದ ತೂತು ಸಿಕ್ಕಿತು. ನಾನು ದಿನಾ ಹಿಡಿದ ನೀರು ಅಲ್ಲಿಂದ ಇಳಿದು, ಹೊರಗೆ ಹೋಗಲು ದಾರಿಯಿಲ್ಲದೆ, ತಗ್ಗಿನಲ್ಲಿ ನಿಂತು, ಮೂರು ತಿಂಗಳು ವೈರನ್ನು ತಿಂದಿತ್ತು. ಅವಳು ತೊಳೆಯದೆ ಬಿಟ್ಟ ಎರಡು ದಿನ ಅದಕ್ಕೆ ಒಂದಿಷ್ಟು ವಿರಾಮ ಸಿಕ್ಕಿತ್ತು, ಅಷ್ಟೇ.

ನನ್ನ ಕೈಯಿಂದಲೇ ಆಯಿತು ಎನ್ನುವುದು ಗೊತ್ತಾದಾಗ ನಾನು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ವೈರು, ಪೈಪು, ಮೇಣದ ಚೂರು ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ, ಬೀದಿಗೆ ಬಂದಿದ್ದ ಕಸದ ಗಾಡಿಗೆ ನಾನೇ ಹೋಗಿ ಹಾಕಿದೆ. ಕಲ್ಲನ್ನು ಸೋಪು ಹಾಕಿ ಉಜ್ಜಿದೆ. ಆಮೇಲೆ ಬಟ್ಟೆ ತೆಗೆದುಕೊಂಡು ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಅವಳ ಜೊತೆಯ ಹುಡುಗಿಯರು ಮಂಚದ ಸುತ್ತ ನಿಂತಿದ್ದರು. ಒಬ್ಬಳು ಮಾಲೂರಿನವಳು, ಇನ್ನೊಬ್ಬಳು ಹೋಳೂರಿನ ರೈತರ ಮನೆಯ ಹುಡುಗಿ, ಇನ್ನಿಬ್ಬರು ಕೋಲಾರದವರೇ. ಮಗಳು ಅವರಿಗೆ ಹೇಳುತ್ತಿದ್ದಳು.

"ಅಮ್ಮ ದಿನಾ ಬಡ್ಕೊಂಡ್ಲು ಕಣ್ರೇ, ತೊಳಿ ತೊಳಿ ಅಂತ. ಎರಡು ದಿನ ಸೋಮಾರಿತನ ಮಾಡ್ದೆ, ಮಣ್ಣು ಒಳಗೆ ಹೋಗಿ ವೈರ್ ಕಟ್ ಆಯ್ತು. ನಂದೇ ತಪ್ಪು. ಅಲ್ವಾಮ್ಮ?"

ಎಲ್ಲರೂ ನನ್ನ ಕಡೆ ನೋಡಿದರು. ಯಜಮಾನರೂ ನೋಡಿದರು. ನಾನು ಹೂಂ ಅಂದೆ. ಅಂದು, ಅಷ್ಟಕ್ಕೇ ನಿಲ್ಲಿಸದೆ, ದೊಡ್ಡವರು ಹೇಳಿದ್ದನ್ನು ಕೇಳಬೇಕಮ್ಮ ಅಂತ ಆ ಹುಡುಗಿಯರಿಗೆ ಬುದ್ಧಿ ಬೇರೆ ಹೇಳಿದೆ.

ಹೇಳಿಬಿಡಬೇಕು ಅಂತ ಅನ್ನಿಸದೆ ಇರಲಿಲ್ಲ. ಹೊಲಿಗೆ ಬಿಚ್ಚಲಿ ಅಂದುಕೊಂಡೆ. ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಯುಗಾದಿ ಬಂತು, ಹೋಯಿತು. ಆ ವರ್ಷದ ರಾಜ್ಯದ ಆಯ್ಕೆ ಅವಳಿಲ್ಲದೆ ಆಗಿಹೋಯಿತು. ಅವತ್ತು ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಾಗಲೂ ನನ್ನ ಬಾಯಿಂದ ಮಾತು ಬರಲಿಲ್ಲ. ಬಂಧುಗಳು ಬಂದು, ತಾಯಿಯ ಮಾತು ಮೀರಿದರೆ ಹೀಗೇ ಅಂದಾಗ ಅವಳು ತಲೆ ತಗ್ಗಿಸುತ್ತಿದ್ದಳು. ನಾನು ಎದ್ದು ಕಾಫಿ ಮಾಡಲು ಒಳಗೆ ಹೋಗುತ್ತಿದ್ದೆ. ಇಂಥ ಹೆಂಗಸು ನಾನು.

ಬೇಸಿಗೆಯಲ್ಲಿ ಅವಳು ಮತ್ತೆ ಹತ್ತುತ್ತೇನೆ ಅಂದಳು. ಸೈಕಲ್ಲನ್ನು ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆ. ಹಳೆಯ ವೈರು ಎಲ್ಲಮ್ಮಾ ಅಂದ. ಬಿಸಾಕಿದೆ ಅಂದೆ. ಅವನು ಹ್ಯಾಂಡಲ್ಲಿನ ಹತ್ತಿರ ಕಂಬಿಗೆ ಅಂಟಿ ಉಳಿದಿದ್ದ ಒಂದು ಹನಿ ಮೇಣವನ್ನು ಉಗುರಿನಿಂದ ಕೆರೆದು, ನನ್ನ ಮುಖ ನೋಡಿದ. ಹೊಸ ವೈರು ಹಾಕಿದ ಮೇಲೆ, ಕೆಳಗಿನ ಬಾಯಿ ಬಿಟ್ಟಿದ್ದೇನೆ, ಮುಟ್ಟಬೇಡಿ ಅಂದ.

ಮನೆಗೆ ತಂದ ದಿನವೇ ಮಗಳು ಮೇಣದ ಬತ್ತಿ ಹಿಡಿದು ಬಂದಳು, ಮೊದಲಿನ ಹಾಗೆ ಕಟ್ಟಿಕೊಡು ಅಂತ. ಆಗ ನಾನು ಹೇಳಿದ ಸುಳ್ಳು ಇದು.

"ಆ ಸೈಕಲ್ಲಿಗೆ ಅದು ಆಗಿಬರಲ್ಲ ಕಣೇ. ಬೇಡ ಬಿಡು."

ನಮ್ಮ ಮನೆಗಳಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಒಬ್ಬರಿಗೆ ಹಸಿರು ಸೀರೆ ಆಗಿಬರುವುದಿಲ್ಲ, ಇನ್ನೊಬ್ಬರ ಮನೆಗೆ ಬೆಕ್ಕು ಸಾಕುವುದು ಆಗಿಬರುವುದಿಲ್ಲ, ನಮ್ಮತ್ತೆಯ ತವರಿನಲ್ಲಿ ಹಪ್ಪಳ ಇಡುವುದೇ ಆಗಿಬರುವುದಿಲ್ಲ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಮಗಳೂ ಕೇಳಲಿಲ್ಲ. ಬತ್ತಿಯನ್ನು ಗೂಡಿನಲ್ಲಿ ಇಟ್ಟಳು. ಸಲೀಸಾಗಿ ಪಾರಾದೆ ಅಂತ ನಾನು ಉಸಿರು ಬಿಟ್ಟೆ. ಆಗಿಬರದೆ ಇರುವುದು ಅವಳೊಬ್ಬಳ ಸೈಕಲ್ಲಿಗೆ ಮಾತ್ರ ಅಂತ ಅವಳು ತಿಳಿದುಕೊಂಡಳು ಎನ್ನುವುದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಅದು ಹೊಳೆದದ್ದು ಭಾದ್ರಪದದ ಒಂದು ಭಾನುವಾರ ಬೆಳಿಗ್ಗೆ. ವಾರವೆಲ್ಲ ಮಳೆ ಹಿಡಿದಿತ್ತು. ಅವಳು ತನ್ನ ಸೈಕಲ್ಲನ್ನು ಈಗ ಕೋಲಾರದ ಗೆಳತಿಯ ಮನೆಯಲ್ಲೇ ಇಡುತ್ತಿದ್ದಳು, ಬಸ್ಸಿಗೆ ಹೊರಡುತ್ತ ಶೂ ಕಟ್ಟಿಕೊಳ್ಳುತ್ತಿದ್ದಳು. ಇಷ್ಟು ಮಳೆಯಲ್ಲಿ ಬೆಟ್ಟದ ದಾರಿ ಬೇಡ ಅಂದೆ. ನಮ್ಮ ಹುಡುಗಿಯರಿಗೆ ಏನೂ ಆಗುವುದಿಲ್ಲ ಬಿಡು ಅಂದಳು. ಮಳೆಗಾಲ ಶುರುವಾಗುವ ಮುಂಚೆಯೇ ನಾಲ್ವರ ಸೈಕಲ್ಲಿಗೂ ನಿನ್ನ ಹಾಗೇ ಎರಡೂ ಬಾಯಿಗೆ ಮೇಣ ಹಾಕಿ ಕಟ್ಟಿದ್ದೇನೆ, ಡ್ರಿಪ್ ಪೈಪನ್ನು ಹೋಳೂರಿನವಳೇ ತೋಟದಿಂದ ತಂದಳು, ದಿನಾ ತೊಳೆಯಬೇಕು ಅಂತ ಆಣೆ ಮಾಡಿಸಿಕೊಂಡಿದ್ದೇನೆ, ನನ್ನ ಹಾಗೆ ಯಾರೂ ಬೀಳಬಾರದು ಅಂತ. ಇಷ್ಟನ್ನೂ ನಗುತ್ತ ಹೇಳಿ, ಬಸ್ಸಿಗೆ ಹೊತ್ತಾಯಿತು ಅಂತ ಓಡಿದಳು.

ಹಾಲು ಉಕ್ಕಿ ಒಲೆ ಆರುವವರೆಗೆ ಹಾಗೇ ನಿಂತಿದ್ದೆ. ಮೂರು ತಿಂಗಳು. ನನ್ನ ಮಗಳ ವೈರಿಗೂ ಮೂರು ತಿಂಗಳೇ ಹಿಡಿದಿತ್ತು. ಮನೆಯವರಿಗೆ ಒಂದು ಚೀಟಿ ಬರೆಯುವಷ್ಟೂ ವ್ಯವಧಾನವಿಲ್ಲದೆ, ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಬಸ್ಸು ಹತ್ತಿದೆ. ಬಸ್ಸಿನಿಂದ ಅವಳಿಗೆ ಫೋನು ಮಾಡಿ, ನಾನು ಬರುವವರೆಗೆ ಯಾರೂ ಸೈಕಲ್ಲು ಹತ್ತಬೇಡಿ ಅಂದೆ. ಯಾಕೆ ಅಂದಳು. ಬಂದು ಹೇಳುತ್ತೇನೆ ಅಂದೆ. ಆಗ ಅವಳು, ಹೋಳೂರಿನವಳು ಆಗಲೇ ಸೈಕಲ್ಲಿನಲ್ಲಿ ಮನೆ ಬಿಟ್ಟಿದ್ದಾಳೆ, ಓಡಿಸುವಾಗ ಅವಳು ಫೋನು ಎತ್ತುವುದಿಲ್ಲ ಅಂದಳು.

ಆ ಬಸ್ಸಿನ ಪ್ರಯಾಣವನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಹನಿಯುತ್ತಿತ್ತು. ಕಿಟಕಿಯ ಪಕ್ಕ ಹಾದುಹೋಗುವ ಒಂದೊಂದು ಲಾರಿಯ ಚಕ್ರವೂ ನನಗೆ ಕಾಣುತ್ತಿತ್ತು, ಮೇಲಿನ ಲಾರಿ ಕಾಣುತ್ತಿರಲಿಲ್ಲ. ಹೋಳೂರಿನ ಹುಡುಗಿಯ ತಾಯಿ ಒಂದು ಸಲ ನಮ್ಮ ಮನೆಗೆ ಒಂದು ಚೀಲ ಟೊಮೇಟೊ ಕಳಿಸಿದ್ದಳು. ಇವತ್ತು ಅವಳಿಗೆ ಯಾರೋ ಗೊತ್ತಿಲ್ಲದವರು ಫೋನು ಮಾಡಿದರೆ ಅದು ನಾನು ಮಾಡಿದ ಹಾಗೆ. ಕಂಡಕ್ಟರು ಎರಡು ಸಲ ಟಿಕೆಟ್ ಕೇಳಿದನಂತೆ, ನನಗೆ ಕೇಳಿಸಲಿಲ್ಲ.

ಅಂತರಗಂಗೆ ಬೆಟ್ಟದ ಬುಡದಲ್ಲಿ, ಅವರು ಸೇರುವ ಮರದ ಕೆಳಗೆ, ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಾಲೂರಿನವಳಿಗೆ ನನ್ನ ಅವತಾರ ನೋಡಿ ನಗು ಬಂತು, ಆಮೇಲೆ ನಗು ನಿಂತಿತು. ಕೂರಿ ಆಂಟಿ ಅಂತ ಒಬ್ಬಳು ನೀರು ಕೊಟ್ಟಳು. ಹೋಳೂರಿನವಳು ಬಂದಳೇ ಅಂದೆ. ಇನ್ನೂ ಇಲ್ಲ ಅಂದರು. ನಾನು ಕೂರಲಿಲ್ಲ. ಕೂತರೆ ಮತ್ತೆ ಹೇಳದೆ ಹೋಗುತ್ತೇನೆ ಅಂತ ನನಗೇ ನನ್ನ ಮೇಲೆ ಭಯವಾಗಿತ್ತು.

"ಇವಳು ಬಿದ್ದಿದ್ದು ಇವಳ ತಪ್ಪಲ್ಲ. ತೊಳೀಲಿಲ್ಲ ಅಂತ ಅಲ್ಲ. ನಾನು ಎರಡೂ ಬಾಯಿ ಮುಚ್ಚಿದ್ದೆ, ನೀರು ಒಳಗೇ ನಿಂತು ವೈರು ತುಕ್ಕು ಹಿಡಿದು ಹೋಗಿತ್ತು. ಮೆಕ್ಯಾನಿಕ್ ಬೇಡ ಅಂದಿದ್ದ. ನಾನು ಕೇಳ್ಲಿಲ್ಲ. ಬಿದ್ದ ಮಾರನೇ ದಿನವೇ ಬಿಚ್ಚಿ ನೋಡ್ದೆ. ನೋಡಿ ಬಿಸಾಕ್ದೆ."

ಹುಡುಗಿಯರು ಮಗಳ ಕಡೆ ನೋಡಿದರು. ಮಗಳು ನನ್ನ ಕಡೆ ನೋಡಲಿಲ್ಲ. ನನ್ನ ಚೀಲದಿಂದ ಕತ್ತರಿ ತೆಗೆದುಕೊಂಡು, ಮೊದಲನೆಯ ಸೈಕಲ್ಲಿನ ಮುಂದೆ ಮಂಡಿಯೂರಿ, ಹಿಂದಿನ ಪೈಪನ್ನು ಕತ್ತರಿಸಿದಳು. ಒಣಗಿತ್ತು, ವೈರು ಚೆನ್ನಾಗಿತ್ತು. ಎರಡನೆಯದರಲ್ಲೂ ಏನಿಲ್ಲ. ಒಂದು ಕ್ಷಣ, ನಾಚಿಕೆಯಿಲ್ಲದೆ ಹೇಳುತ್ತೇನೆ, ಅಯ್ಯೋ ಹೇಳಬಾರದಿತ್ತು ಅನ್ನಿಸಿತು. ಮೂರನೆಯದು ಮಾಲೂರಿನವಳದು. ಕತ್ತರಿ ಹಾಕಿದ ತಕ್ಷಣ ಕಂದು ನೀರು ಮಗಳ ಮೊಣಕೈವರೆಗೆ ಇಳಿಯಿತು. ಮಾಲೂರಿನವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು.

ನಾವು ಐದು ಜನವೂ ರಸ್ತೆಯ ಕಡೆ ಮುಖ ಮಾಡಿ ನಿಂತೆವು. ಆಟೋ ಬಂತು, ಸೊಪ್ಪಿನ ಹೊರೆ ಹೊತ್ತವರು ಬಂದರು. ಮಗಳು ಹೋಳೂರಿನವಳ ನಂಬರು ಒತ್ತುವುದು, ಕಿವಿಗೆ ಇಡುವುದು, ಮತ್ತೆ ಒತ್ತುವುದು. ನಾನು ಗೊತ್ತಿರುವ ದೇವರನ್ನೆಲ್ಲ ಕರೆದೆ. ಅರ್ಚಕರ ಹೆಂಡತಿ ಅಂತಾದರೂ ಕೇಳಿಸಿಕೊಳ್ಳಲಿ ಅಂತ.

ಕೊನೆಗೆ ಬಂದಳು. ಸೈಕಲ್ಲಿನ ಮೇಲಲ್ಲ, ತಳ್ಳಿಕೊಂಡು, ಮಳೆಯಲ್ಲಿ ತೊಯ್ದು. ದೂರದಿಂದಲೇ ತಡವಾಯಿತು ಅಂತ ಕೈ ಎತ್ತಿದಳು. ಏರಿನಲ್ಲಿ ಹಿಂದೆ ಎಲ್ಲೋ ಟಕ್ ಅಂದಿತಂತೆ, ನನ್ನ ಮಗಳು ಬಿದ್ದದ್ದು ನೆನಪಾಗಿ ಹೆದರಿಕೆಯಾಗಿ ಇಳಿದುಬಿಟ್ಟಳಂತೆ, ಅಲ್ಲಿಂದ ನಡೆದೇ ಬಂದಳಂತೆ. ನಾನು ಅವಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸುತ್ತ ಅಲ್ಲೇ ಅತ್ತುಬಿಟ್ಟೆ. ಅವಳು ಏನೂ ಅರ್ಥವಾಗದೆ ನನ್ನ ಬೆನ್ನು ತಟ್ಟಿದಳು.

ಮಗಳು ಆ ಪೈಪನ್ನೂ ಕತ್ತರಿಸಿ, ವೈರನ್ನು ಹೊರಗೆ ಎಳೆದು, ಅಂಗೈ ಮೇಲೆ ಇಟ್ಟುಕೊಂಡು ಎಣಿಸಿದಳು. ಎರಡು ಎಳೆ ಉಳಿದಿದ್ದವು. ಅಷ್ಟರ ಮೇಲೆ ಆ ಹುಡುಗಿ ಅಷ್ಟು ದೂರ ಬಂದಿದ್ದಳು. ಮಗಳು ಎದ್ದು ನಿಂತು, ಅವತ್ತು ಮೊದಲ ಸಲ ನನ್ನ ಕಣ್ಣನ್ನು ನೋಡಿದಳು.

"ಆಸ್ಪತ್ರೇಲಿ ನಾನು ಕೇಳ್ದಾಗ ನಿಂಗೆ ಗೊತ್ತಿತ್ತ?"

ಗೊತ್ತಿತ್ತು ಅಂದೆ. ಮಾನ ಹೋಗುತ್ತದೆ ಅಂತ ಹೇಳಲಿಲ್ಲ ಅಂತಲೂ ಅಂದೆ. ಅವಳು ತಲೆ ಆಡಿಸಿದಳು. ಬೈಯುತ್ತಾಳೆ ಅಂತ ಕಾದೆ. ನಾನಾಗಿದ್ದರೆ ಬೆಟ್ಟ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಅವಳು, ನೀನು ಬಸ್ಸಿಗೆ ಹೋಗಮ್ಮ, ನಾವು ಸೈಕಲ್ಲುಗಳನ್ನು ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗುತ್ತೇವೆ ಅಂತ ಮಾತ್ರ ಅಂದಳು.

ಬಿದ್ದ ಮೇಲೆ ಅವಳ ಎಡಗೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಹತ್ತು ತಿಂಗಳಿಂದ ದಿನಾ ಬೆಳಿಗ್ಗೆ ನಾನೇ ಜಡೆ ಹಾಕುತ್ತಿದ್ದೆ, ಅವಳು ಹೊಸ್ತಿಲ ಮೇಲೆ ಕುಳಿತು ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಸೋಮವಾರ ಬೆಳಿಗ್ಗೆ ನಾನು ಬಾಚಣಿಗೆ, ಎಣ್ಣೆ ತೆಗೆದುಕೊಂಡು ಬಂದಾಗ ಅವಳು ಕನ್ನಡಿಯ ಮುಂದೆ ನಿಂತಿದ್ದಳು. ಕೂದಲನ್ನು ಒಂದೇ ಕೈಯಿಂದ ಒಟ್ಟು ಮಾಡಿ, ರಬ್ಬರ್ ಬ್ಯಾಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಳೆದು ಹಾಕಿಕೊಳ್ಳುತ್ತಿದ್ದಳು. ಅರ್ಧ ಕೂದಲು ಹೊರಗೇ ಉಳಿದಿತ್ತು. ಬಾ, ಹಾಕುತ್ತೇನೆ ಅಂದೆ.

"ಬೇಡ ಬಿಡಮ್ಮ, ನಾನೇ ಹಾಕ್ಕೋತೀನಿ" ಅಂದಳು. ಬಸ್ಸಿಗೆ ಹೊತ್ತಾಗಿತ್ತು, ಹಾಗೇ ಹೋದಳು.